ಅಗೋ ಅಂದ್ರ ಹೊಡೀತೀನಿ: ಒಂದೇ ಕ್ರಿಯಾಪದ ಇಟ್ಕೊಂಡು ಒಂದು ಲ್ಯಾಟಿನ್ ಡಿಕ್ಷನರಿ ರಿವ್ಯೂ

ಲೂಯಿಸ್ ಆಂಡ್ ಶಾರ್ಟ್ ಅನ್ನೋ ಲ್ಯಾಟಿನ್ ಡಿಕ್ಷನರಿಗೆ ರೇಟಿಂಗ್ ಮೊದಲೇ ಹೇಳ್ತೀನಿ, 5ಕ್ಕ 4. ಒಂದು ಯಾಕ ಕಮ್ಮಿ ಅಂತ ಕೆಳಗ ಬರೆದೀನಿ, ಓದ್ರಿ.

ನಾ ಕಲಬುರಗಿಯಾಗ ಒಬ್ರು ಸೀನಿಯರ್ ವಕೀಲ್ರ ಹತ್ರ ಜೂನಿಯರ್ ಅಂತ ಮೂರು ವರ್ಷದಿಂದ ಕೆಲಸ ಮಾಡ್ಲಾಕತ್ತೀನಿ. ನಮ್ಮ ಊರು ಜೇವರ್ಗಿ ತಾಲೂಕಿನಾಗ, ಅಪ್ಪಂದು ಎರಿ ಹೊಲ, ತೊಗರಿ ಹಾಕ್ತಾರ, ಇವತ್ತಿಗೂ ಒಂದು ಜೋಡಿ ಎತ್ತು ಇಟ್ಟಾರ. ಇದನ್ನ ಯಾಕ ಹೇಳ್ಲಾಕತ್ತೀನಿ ಅಂದ್ರ ಈ ಡಿಕ್ಷನರಿ ನನಗ ತಿಳಿದಿದ್ದು ಆ ಎತ್ತಿನಿಂದ, ಲಾ ಕಾಲೇಜಿನಿಂದ ಅಲ್ಲ. ಕಾಲೇಜಿನಾಗ ನಮಗ ಲ್ಯಾಟಿನ್ ಮ್ಯಾಕ್ಸಿಮ್, ಅಂದ್ರ ಕಾನೂನಿನ ಸೂತ್ರ, ಐವತ್ತೋ ಅರವತ್ತೋ ಬಾಯಿಪಾಠ ಮಾಡಿಸಿದ್ರು, ಎದುರಿಗೆ ಅರ್ಥ ಬರೆದಿರ್ತಿತ್ತು, ಪರೀಕ್ಷಾ ಬರೆದ್ವಿ, ಮರೆತ್ವಿ. ಹೋದ ವರ್ಷ ಒಂದು ಸಿವಿಲ್ ಮ್ಯಾಟರಿನಾಗ ಕೋರ್ಟಿನ ವ್ಯಾಪ್ತಿ ಬಗ್ಗೆ ನೋಟ್ ತಯಾರ್ ಮಾಡುವಾಗ 'ಆಕ್ಟೊರ್ ಸೆಕ್ವಿಟುರ್ ಫೊರುಮ್ ರೆಯೀ' ಅಂತ ಬರೆದಿದ್ದೆ, ಸೀನಿಯರ್ ಸರ್ ನೋಡಿ ಕೇಳಿದ್ರು, "ಇದ್ರಾಗ ಆಕ್ಟರ್ ಅಂದ್ರ ಯಾರವ್ವಾ?" ಅಂತ. ವಾದಿ ಸರ್, ವಾದಿ ಪ್ರತಿವಾದಿ ಇರೋ ಊರಿನ ಕೋರ್ಟಿಗೆ ಹೋಗ್ಬೇಕು ಅಂತ ಅರ್ಥ ಅಂದೆ. "ಅದು ಸರಿ, ವಾದಿಗೆ ಆಕ್ಟರ್ ಅಂತ ಯಾಕಂತಾರ?" ಅಂದ್ರು. ಬಾಯಿ ಕಟ್ತು. ಸರ್ ಮುಂದ ಏನೂ ಅನ್ಲಿಲ್ಲ, ಫೈಲ್ ತಗೊಂಡು ಎದ್ದು ಹೋದ್ರು, ಆದ್ರ ಆ 'ಯಾಕ' ನನ್ನ ತಲ್ಯಾಗ ಕುಂತುಬಿಡ್ತು.

ಹಂಗಾಗಿ ಲೂಯಿಸ್ ಆಂಡ್ ಶಾರ್ಟ್ ತನಕ ಬಂದೆ. 1879ರಾಗ ಬಂದ ಲ್ಯಾಟಿನ್-ಇಂಗ್ಲಿಷ್ ಡಿಕ್ಷನರಿ ಇದು, ಎರಡು ಸಾವಿರ ಪುಟಕ್ಕಿಂತ ಜಾಸ್ತಿ ಅದ, ಕಾಪಿರೈಟ್ ಯಾವಾಗೋ ಮುಗಿದದ, ಹಂಗಾಗಿ ಸ್ಕ್ಯಾನ್ ಕಾಪಿ ಫ್ರೀ ಸಿಗ್ತದ. ಅಮೆರಿಕಾದ ಟಫ್ಟ್ಸ್ ಯುನಿವರ್ಸಿಟಿಯವರ ಪರ್ಸಿಯಸ್ ಅನ್ನೋ ವೆಬ್‌ಸೈಟ್ ಒಳಗ ಪೂರ್ತಿ ಟೈಪ್ ಮಾಡಿ ಹಾಕ್ಯಾರ, ಫೋನಿನಾಗೂ ತೆರೀತದ. ಆದ್ರ ನನಗ ಫೋನಿನಾಗ ಓದಿದ್ದು ತಲಿಗೆ ಹತ್ತಲ್ಲ, ಪೆನ್ಸಿಲ್ ಹಿಡಿದು ಗೆರಿ ಎಳೀಬೇಕು, ಅದಕ್ಕ 'ಎ' ಅಕ್ಷರದ ಶುರುವಿನ ಪುಟಗಳನ್ನಷ್ಟು ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸ್ದೆ. ಝೆರಾಕ್ಸ್ ಅಂಗಡಿ ಹೆಸರು ಬ್ಯಾಡ, ಟೋನರ್ ಖಾಲಿ ಆಗ್ಲಿಕ್ಕೆ ಬಂದಿತ್ತು ಅನಸ್ತದ, ಪ್ರಿಂಟ್ ಮಸುಕಾಗಿ ಬಂತು, ಅಕ್ಷರ ಕಾಣ್ತಾವ ಆದ್ರ ಅಕ್ಷರದ ಮ್ಯಾಲಿನ ಸಣ್ಣ ಗುರುತು ಎಲ್ಲಾ ಹಾರಿ ಹೋದ್ವು. ಸಣ್ಣ ಗುರುತು ಹೋದ್ರ ಏನಾಯ್ತು ಅಂತ ನಾ ಆವಾಗ ಸುಮ್ಮನಾದೆ. ಅದು ದೊಡ್ಡ ತಪ್ಪು.

ಯಾಕಂದ್ರ ಆ ಗುರುತು ಹ್ರಸ್ವ ದೀರ್ಘದ್ದು. ಲ್ಯಾಟಿನ್ ಭಾಷಾದಾಗ ಹ್ರಸ್ವ ದೀರ್ಘ ಬದಲಾದ್ರ ಪದಾನೇ ಬದಲಾಗಬಹುದು, ಕಾಲ ಬದಲಾಗಬಹುದು. ಈ ಡಿಕ್ಷನರ್ಯಾಗ ದೀರ್ಘಕ್ಕ ಮ್ಯಾಲ ಒಂದು ಅಡ್ಡ ಗೆರಿ, ಹ್ರಸ್ವಕ್ಕ ಒಂದು ಸಣ್ಣ ಬಟ್ಟಲದಂಗ ಗುರುತು ಹಾಕ್ತಾರ. ಇಂಗ್ಲಿಷ್ ಓದೋರಿಗೆ ಇದು ತ್ರಾಸು, ಅವರ ಲಿಪಿಯಾಗ ಹ್ರಸ್ವ ದೀರ್ಘಕ್ಕ ಬ್ಯಾರೆ ಬ್ಯಾರೆ ಅಕ್ಷರ ಇಲ್ಲ. ನಮಗ ಅ-ಆ ಅದ, ಇ-ಈ ಅದ, ಅಷ್ಟೇ ಅಲ್ಲ ಎ-ಏ, ಒ-ಓ ಸುದ್ದಾ ಅದ. ದೇವನಾಗರಿ ಬರಿಯೋರಿಗೆ ಎ-ಏ, ಒ-ಓ ಜೋಡಿ ಇಲ್ಲ, ಕನ್ನಡದಾಗ ಅದ. ಅಂದ್ರ ಲ್ಯಾಟಿನ್ ಸ್ವರ ಹೆಂಗದ ಹಂಗೇ ಬರೀಲಿಕ್ಕೆ ನಮ್ಮ ಅಕ್ಷರ ಅಷ್ಟು ಚೊಲೋ ಹೊಂದತಾವ. ನಾ ಈಗ ನೋಟ್‌ಬುಕ್ಕಿನಾಗ ಎಲ್ಲಾ ಲ್ಯಾಟಿನ್ ಪದ ಕನ್ನಡದಾಗೇ ಬರೀತೀನಿ, ಗುರುತಿನ ಗೊಡವೆನೇ ಇಲ್ಲ. ಇದನ್ನ ಯಾರೂ ನನಗ ಮೊದಲೇ ಹೇಳಿರಲಿಲ್ಲ, ಲ್ಯಾಟಿನ್ ಕಲಿಯೋ ಕನ್ನಡದ ಹುಡುಗ್ರಿಗೆ ಮೊದಲ ದಿನಾನೇ ಹೇಳಬೇಕು ಇದನ್ನ.

ಸರಿ, ಪದಕ್ಕ ಬರೋಣ. ಆಕ್ಟೊರ್ ಎಲ್ಲಿಂದ ಬಂತು ಅಂತ ಹುಡುಕಿದ್ರ ಅದು 'ಅಗೋ' ಅನ್ನೋ ಕ್ರಿಯಾಪದಕ್ಕ ತಗೊಂಡು ಹೋಗ್ತದ. ಎಂಟ್ರಿಯ ಮೊದಲ ಸಾಲಿನಾಗ ಅಗೋ, ಏಗೀ, ಆಕ್ಟುಮ್, ಆಮ್ಯಾಲ 3 ಅಂತ ಒಂದು ಅಂಕಿ. ಅಗೋ ಅಂದ್ರ ಹೊಡೀತೀನಿ, ಏಗೀ ಅಂದ್ರ ಹೊಡೆದೆ, ಆಕ್ಟುಮ್ ಅಂದ್ರ ಹೊಡೆದದ್ದು, ಹೊಡೆದಾಗಿದ್ದು. 3 ಅಂದ್ರ ಮೂರನೇ ಗಣದ ಕ್ರಿಯಾಪದ ಅಂತ ಲೆಕ್ಕ. ನಮ್ಮ ಕನ್ನಡ ನಿಘಂಟಿನಾಗ ಬರೇ ಧಾತು ಇಡ್ತಾರ, ಇವರು 'ನಾನು' ಅನ್ನೋ ರೂಪ ಇಡ್ತಾರ, ಇದು ರೂಢಿ ಆಗೋ ತನಕ ಪದ ಹುಡುಕೋದು ಕಷ್ಟ. ಅದರ ಮುಂದಿನ ಬ್ರಾಕೆಟ್ಟಿನಾಗ ಗ್ರೀಕ್ ಅಗೋ, ಸಂಸ್ಕೃತದ ಅಜ್ ಧಾತು ಇದರ ಬಳಗ ಅಂತ ತೋರಿಸ್ಯಾರ. ಸಂಸ್ಕೃತ ಓದಿದವರಿಗೆ ಧಾತುಪಾಠದ 'ಅಜ ಗತಿಕ್ಷೇಪಣಯೋಃ' ನೆನಪಿರ್ತದ, ಅದೇ ಅಜ್.

ಆಮ್ಯಾಲ ಮೊದಲನೇ ಅರ್ಥ. ನಾ 'ಮಾಡು' ಅಂತ ಇರ್ತದ ಅನ್ಕೊಂಡಿದ್ದೆ, ಆಕ್ಟ್ ಆಕ್ಷನ್ ಎಲ್ಲಾ ಇದರಿಂದೇ ಬಂದಾವಲ್ಲ. ಇಲ್ಲ. ಮೊದಲನೇ ಅರ್ಥ ದನ ಹೊಡಿಯೋದು. ದನ, ಕತ್ತೆ, ಆಡು, ಅವನ್ನ ಹಿಂದಿನಿಂದ ಹೊಡಕೊಂಡು ಹೋಗೋದು.

ಊರಿಗೆ ಹೋದಾಗ ಕಟ್ಟಿ ಮ್ಯಾಲ ಕುಂತು ಇದನ್ನ ಓದ್ಲಾಕತ್ತಿದ್ದೆ, ಅಪ್ಪ ಬಂದು ಏನವಾ ಅದು ಅಂದ್ರು, ಹೇಳ್ದೆ. "ಹಂಗಂದ್ರ ಆ ಭಾಷಾ ಮಂದೀನೂ ಎತ್ತು ಹೊಡೀತಿದ್ರೇನು?" ಅಂದ್ರು. ಹೂಂ ಅಂದೆ. "ಮತ್ತ ಅದಕ್ಕ ಯಾಕ ಅಷ್ಟು ದೊಡ್ಡ ಪುಸ್ತಕ, ನಾವೂ ಹಂಗೇ ಅಂತೀವಲ್ಲ" ಅಂದ್ರು ನೋಡ್ರಿ, ನನಗ ಅಲ್ಲೇ ಎಲ್ಲಾ ತಿಳೀತು. ಖರೇ ಅದ. ನಾವು ಎತ್ತು ಹೊಡೀತೀವಿ, ಬಂಡಿ ಹೊಡೀತೀವಿ, ಅಲ್ಲಿಂದ ಗಳೇ ಹೊಡೀತೀವಿ, ಕುಂಟಿ ಹೊಡೀತೀವಿ, ಎಡಿ ಹೊಡೀತೀವಿ, ಅದರ ಹಿಂದೇನೇ ಟ್ರ್ಯಾಕ್ಟರ್ ಹೊಡೀತೀವಿ, ಆಫೀಸಿಗೆ ಬಂದು ಸೈನ್ ಹೊಡೀತೀವಿ, ಫೋನ್ ಹೊಡೀತೀವಿ, ಮಧ್ಯಾಹ್ನ ನಿದ್ದಿ ಹೊಡೀತೀವಿ, ಹರಟಿ ಹೊಡೀತೀವಿ. ಇದ್ರಾಗ ಬಡಿಯೋ ಹೊಡೆತ ಎಲ್ಲದ? ಎತ್ತಿನ ಹಿಂದ ಬಳಸೋ ಪದ ಕೆಲಸ ಕೆಲಸಕ್ಕ ಹಬ್ಬಿಕೊಂಡು ಹೋಗ್ಯದ. ಹೊಡಿ ದ್ರಾವಿಡ ಪದ, ಅಗೋಕ್ಕೂ ಅದಕ್ಕೂ ರಕ್ತಸಂಬಂಧ ಏನಿಲ್ಲ, ಆದ್ರ ಎರಡೂ ನಡೆದ ಹಾದಿ ಒಂದೇ.

ಅಲ್ಲೇ ಒಂದು ಉದಾಹರಣೆ ಕೊಟ್ಟಾರ, ಎರಡೇ ಪದ, 'ಕಪೆಲ್ಲಾಸ್ ಅಗೋ', ಆಡು ಹೊಡಕೊಂಡು ಹೊಂಟೀನಿ. ವರ್ಜಿಲ್ ಕವಿಯ ಮೊದಲನೇ ಎಕ್ಲಾಗ್ ಪದ್ಯದ್ದು ಅಂತ ನಂಬರ್ ಅದ. ನಾ ನಂಬರ್ ಹಿಡಕೊಂಡು ಹೋಗಿ ಇಂಗ್ಲಿಷಿನಾಗ ಪೂರ್ತಿ ಓದ್ದೆ. ರೋಮಿನಾಗ ಯುದ್ಧ ಮುಗಿದ ಮ್ಯಾಲ ಸೈನಿಕ್ರಿಗೆ ಕೊಡ್ಲಿಕ್ಕೆ ಅಂತ ರೈತರ ಹೊಲ ಕಸಕೊಂಡಾಗಿನ ಮಾತು ಅದು. ಮೆಲಿಬಿಯಸ್ ಅನ್ನೋ ಕುರಿಗಾಹಿ ಹೊಲ ಮನಿ ಬಿಟ್ಟು ಹೊಂಟಾನ, ಅಂತಾನ, ನೋಡಪಾ ನಾ ಜಡ್ಡಾದವ ಈ ಆಡು ಮುಂದಕ್ಕ ಹೊಡಕೊಂಡು ಹೊಂಟೀನಿ, ಆದ್ರ ಇದೊಂದನ್ನ ಎಳಕೊಂಡು ಹೋಗೋದೂ ಆಗವಲ್ದು ಅಂತ. ಯಾಕಂದ್ರ ಆ ಆಡು ಈಗಷ್ಟೇ ಬರಿ ಕಲ್ಲಿನ ಮ್ಯಾಲ ಅವಳಿ ಮರಿ ಹಾಕಿ ಬಿಟ್ಟು ಬಂದದ. ಉಳಿದ ಆಡಿಗೆ 'ಅಗೋ', ಈ ಒಂದಕ್ಕ 'ಡೂಕೋ'. ಅಗೋ ಹಿಂದ ನಿಂತು ಹೊಡಿಯೋದು, ಡೂಕೋ ಮುಂದ ನಿಂತು ಹಗ್ಗ ಹಿಡಿದು ಎಳಿಯೋದು. ಬರೇ ಅರ್ಥದ ಪಟ್ಟಿ ಕೊಡೋ ಪಾಕೆಟ್ ಡಿಕ್ಷನರ್ಯಾಗ ಎರಡಕ್ಕೂ 'ಒಯ್ಯು, ನಡೆಸು' ಅಂತ ಇರ್ತದ, ಆ ಬಾಣಂತಿ ಆಡು ಕಳೆದೇ ಹೋಗ್ತದ. ಭೂಮಿ ಹೋದೋರ ಕೇಸ್ ದಿನಾ ನೋಡ್ತೀನಿ ನಾನು, ಫೈಲಿನಾಗ ಸರ್ವೆ ನಂಬರ್ ಇರ್ತದ, ಎಕರೆ ಗುಂಟೆ ಇರ್ತದ. ಆ ಎರಡು ಸಾಲು ಓದಿದ ರಾತ್ರಿ ನನಗ ಭಾಳ ಹೊತ್ತು ನಿದ್ದಿ ಬರ್ಲಿಲ್ಲ.

ಈ ಡಿಕ್ಷನರಿಗೆ ನಾ 4 ಕೊಟ್ಟಿದ್ದು ಇದಕ್ಕೇ. ಕ್ರಿಯಾಪದದ ಅರ್ಥ ಅದರ ಪಕ್ಕದಾಗ ಯಾವ ಪದ ಕುಂತದ ಅನ್ನೋದ್ರಿಂದ ತಿಳೀತದ, ಇವರು ಆ ಪಕ್ಕದ ಪದಾನೇ ಹಿಡಕೊಂಡು ಒಂದೊಂದೇ ತೋರಿಸ್ಕೋತ ಹೋಗ್ತಾರ. ಅಗೆರೆ ಅಂದ್ರ ಅಗೋದ್ದೇ 'ಹೊಡಿಯೋದು' ಅನ್ನೋ ರೂಪ. 'ವೀಟಮ್ ಅಗೆರೆ' ಜೀವನ ನಡೆಸೋದು, 'ಕೌಸಮ್ ಅಗೆರೆ' ಕೇಸ್ ನಡೆಸೋದು, ಇನ್ನೊಬ್ರ ಕೂಡ ಅಗೆರೆ ಅಂದ್ರ ಮಾತುಕತೆ ನಡೆಸೋದು, 'ಫಾಬುಲಮ್ ಅಗೆರೆ' ನಾಟಕ ಆಡೋದು. ನೋಡ್ರಿ, ನಾಟಕ ಒಂದು ಬಿಟ್ರ ಎಲ್ಲಾ ಕಡೆ ನಮ್ಮ 'ನಡೆಸು' ಸರಿ ಹೊಂದ್ತದ, ನಡೆಸು ಅಂದ್ರೂ ನಡಿಯೋಹಂಗ ಮಾಡು ಅಂತಾನೇ, ದನ ನಡೆಸೋದು ಕೇಸ್ ನಡೆಸೋದು ಒಂದೇ ಪದ. ವಾದಿಗೆ ಆಕ್ಟೊರ್ ಅಂತ ಯಾಕ ಅಂದ್ರ ಅಂವ ಕೇಸ್ ನಡೆಸೋನು, ಕೇಸನ್ನ ಹೊಡಕೊಂಡು ಕೋರ್ಟಿಗೆ ಬಂದೋನು. ನಾಟಕದವನಿಗೂ ಅದೇ ಪದ, ಪಾತ್ರ ನಡೆಸೋನು. ಲಿಟಿಗೇಶನ್ ಸುದ್ದಾ ಇದೇ ಮನೆತನ, 'ಲೀಸ್' ಅಂದ್ರ ತಕರಾರು, ಅದಕ್ಕ ಅಗೆರೆ ಹಚ್ಚಿದ್ರ ತಕರಾರು ನಡೆಸೋದು. ಏಜೆಂಟ್ ಅಂದ್ರ ನಡೆಸ್ತಿರೋನು. ಅಜೆಂಡಾ ಅಂದ್ರ ನಡೆಸಲೇಬೇಕಾದವು, ಅದು ಬಹುವಚನ, ಒಂದೇ ಇದ್ರ ಅಗೆಂಡುಮ್. ಗ್ರಾಮ ಪಂಚಾಯ್ತಿ ಮೀಟಿಂಗಿನ ಅಜೆಂಡಾದಾಗೂ ಈ ಎತ್ತಿನ ಹೆಜ್ಜಿ ಅದ.

ವಯಸ್ಸು ಹೇಳೋದು ಕೇಳ್ರಿ. ಸಿಸೆರೋ ಅಂತ ದೊಡ್ಡ ವಕೀಲ ಇದ್ದ, ಕ್ರಿ.ಪೂ. 44ರಾಗ ಮುಪ್ಪಿನ ಬಗ್ಗೆ ಬರೆದಾನ, ಅದ್ರಾಗ ಮುದುಕ ಕ್ಯಾಟೋ ಬಾಯಿಂದ ನಾ 84ನೇ ವರ್ಷ 'ಅಗೋ' ಅಂತ ಹೇಳಿಸ್ಯಾನ. ನಮ್ಮಲ್ಲಿ ಅವ್ವನ ವಯಸ್ಸು ಕೇಳಿದ್ರ ಎಪ್ಪತ್ತು ನಡೀಲಾಕತ್ತದ ಅಂತೀವಿ, ವರ್ಷ ತಾನೇ ನಡೀತದ, ನಾವು ನೋಡ್ತೀವಿ. ಅವರಲ್ಲಿ ಮನಿಷ್ಯಾ ವರ್ಷನ್ನ ನಡೆಸ್ತಾನ. ನನಗ ಎರಡೂ ಇಷ್ಟ ಆದ್ವು, ಯಾವುದು ಮೇಲು ಅಂತ ಹೇಳಲ್ಲ.

ಕೆಲವು ಕಡೆ ನಡೆಸು ಕೈಕೊಡ್ತದ, ಅಲ್ಲೇ ಮಜಾ ಅದ. 'ರಾಡೀಕೇಸ್ ಅಗೆರೆ' ಗಿಡ ಬೇರು ಬಿಡೋದು. 'ರೀಮಾಸ್ ಅಗೆರೆ' ಬಿರುಕು ಬಿಡೋದು. ಬೇರಿಗೂ ಬಿರುಕಿಗೂ ಅವರು ಒಂದೇ ಅಗೆರೆ ಬಳಸಿದ್ರು, ನಾವೂ ಎರಡಕ್ಕೂ ಒಂದೇ 'ಬಿಡು' ಬಳಸ್ತೀವಿ! ಇದನ್ನ ಇಂಗ್ಲಿಷಿನಾಗ ಓದಿದ್ರ ತಿಳಿಯಲ್ಲ, ಅಲ್ಲಿ ಬ್ಯಾರೆ ಬ್ಯಾರೆ ಪದ ಅದಾವ. ಬಿರುಕಿನದಕ್ಕ ಓವಿಡ್ ಕವಿ ಸಾಲು ಅದ, ಸೂರ್ಯನ ಮಗ ಫೇಥನ್ ಅಪ್ಪನ ರಥ ಹೊಡೀತೀನಿ ಅಂತ ಹಠ ಹಿಡಿದು ಹೊಡಿಯಾಕ ಬರ್ದೆ ಭೂಮಿ ಹತ್ರ ತಂದುಬಿಡ್ತಾನ, ಎತ್ತರದಾಗಿದ್ದ ನೆಲ ಮೊದಲು ಉರೀತದ, ಸೀಳಿ ಬಿರುಕು ಬಿಡ್ತದ, ಒಳಗಿನ ರಸ ಹೋಗಿ ಒಣಗ್ತದ. ಮೇ ತಿಂಗಳಿನಾಗ ನಮ್ಮ ಎರಿ ಹೊಲಕ್ಕ ಬಂದು ನೋಡ್ರಿ, ಮೊಳಕೈ ತನಕ ಕೈ ಇಳೀತದ ಆ ಬಿರುಕಿನಾಗ, ಸಣ್ಣೋರಿದ್ದಾಗ ಕಡ್ಡಿ ಬಿಟ್ಟು ಆಳ ನೋಡ್ತಿದ್ವಿ. ಆ ಸಾಲನ್ನ ರೋಮಿನಾಂವ ಬರೆದಾನ ಅಂತ ಅನಸ್ಲೇ ಇಲ್ಲ ನನಗ.

'ಗ್ರಾತಿಯಾಸ್ ಅಗೆರೆ' ಬಗ್ಗೆ ಒಂದು ಮಾತು. ಇದು ಥ್ಯಾಂಕ್ಸ್ ಹೇಳೋದು, ಬಾಯಿಲೆ ಹೇಳೋದು. ಮನಸ್ಸಿನಾಗ ಉಪಕಾರ ಇಟ್ಕೊಳ್ಳೋದಕ್ಕ 'ಹಬೇರೆ', ಅಂದ್ರ ಇಟ್ಕೊಳ್ಳೋದು, ಅದೇ ಹೇಬಿಯಸ್ ಕಾರ್ಪಸ್‌ನ ಹಬೇರೆ. ಉಪಕಾರ ತೀರಿಸೋದಕ್ಕ 'ರೆಫೆರ್ರೆ', ತಿರುಗಿ ತಂದು ಕೊಡೋದು. ಹೇಳೋದು, ಇಟ್ಕೊಳ್ಳೋದು, ತೀರಿಸೋದು, ಮೂರಕ್ಕ ಮೂರು ಕ್ರಿಯಾಪದ. ನಮ್ಮೂರ ಕಡೆ ಥ್ಯಾಂಕ್ಸ್ ಅಂತ ಬಾಯಿಲೆ ಹೇಳೋದು ಕಮ್ಮಿ, ನಿನ್ನ ಋಣ ಅದ ನೋಡಪಾ ಅಂತಾರ, ಅದು ಎರಡನೇದು.

ಇನ್ನ 'ಅಗೆ!' ಅಂದ್ರ ಹೊಡಿ ಅನ್ನೋ ಆಜ್ಞಾರೂಪ, ಆದ್ರ ಅವರು ಮಾತಿನಾಗ ಅದನ್ನ ಬರೇ ಹುರುಪು ಕೊಡ್ಲಿಕ್ಕೆ ಬಳಸ್ತಿದ್ರು, ನಾವು 'ನಡಿ ನಡಿ, ಹೇಳು' ಅಂತೀವಲ್ಲ ಹಂಗ, ಕುಂತಲ್ಲೇ ಕುಂತೋನಿಗೂ ನಡಿ ಅಂತೀವಿ. ಬಹಳ ಮಂದಿ ಇದ್ರ ಅಗಿತೆ, ನಡೀರಿ. ಪೂಜಾ ಬಲಿ ಟೈಮಿನಾಗ ಒಬ್ಬಾಂವ 'ಹೊಕ್ ಅಗೆ' ಅಂತ ಕೂಗ್ತಿದ್ನಂತ, ಇದನ್ನಷ್ಟೇ ಮಾಡು, ಲಕ್ಷ ಇಲ್ಲಿಡು ಅಂತ, ಪ್ಲುಟಾರ್ಕ್ ಅನ್ನೋ ಹಳೇ ಗ್ರೀಕ್ ಲೇಖಕ ಬರೆದಾನ.

ವಕೀಲಿ ಮಂದಿಗೆ ಬೇಕಾದ ಮಾತು ಈಗ ಹೇಳ್ತೀನಿ. 'ಆಕ್ಟುಮ್ ನೇ ಅಗಾಸ್' ಅಂತ ಒಂದು ಹಳೇ ಗಾದಿ, ಟೆರೆನ್ಸ್ ನಾಟಕದಾಗ ಬರ್ತದ, ಸಿಸೆರೋನೂ ಹಳೇ ಗಾದಿ ಅಂತ ನೆನಸ್ತಾನ. ನಡೆಸಿ ಮುಗಿಸಿದ್ದನ್ನ ಮತ್ತ ನಡೆಸಬ್ಯಾಡ. ನಮ್ಮ 1908ರ ಸಿವಿಲ್ ಪ್ರೊಸೀಜರ್ ಕೋಡ್ ಸೆಕ್ಷನ್ 11ರ ರೆಸ್ ಜುಡಿಕಾಟಾ ಇದೇ ಮಾತಲ್ಲೇನು, ಒಮ್ಮೆ ತೀರ್ಪಾದ ಮ್ಯಾಟರ್ ಅದೇ ಪಾರ್ಟಿಗಳ ನಡುವ ಮತ್ತ ತರೋಹಂಗಿಲ್ಲ. ಸೆಕ್ಷನ್ ಬಾಯಿಪಾಠ ಇತ್ತು ನನಗ, ಆದ್ರ ಅದರ ಹಿಂದ ಎರಡು ಸಾವಿರ ವರ್ಷದಿಂದ ಮಂದಿ ಬಾಯಾಗ ಓಡಾಡಿದ ಇಂಥಾ ಮಾತದ ಅಂತ ಗೊತ್ತಿರಲಿಲ್ಲ. ಇನ್ನೊಂದು, 'ತುವ ರೇಸ್ ಅಗಿತುರ್', ಹೊರೇಸ್ ಕವಿ ಅಂದಿದ್ದು, ಪಕ್ಕದ ಮನಿ ಗ್ವಾಡಿಗೆ ಬೆಂಕಿ ಹತ್ತಿದಾಗ ನಡೀಲಾಕತ್ತಿದ್ದು ನಿಂದೇ ಮ್ಯಾಟರ್ ಅಂತ. ಸೀನಿಯರ್ ಸರ್‌ಗೆ ಹೇಳ್ದೆ, ಅವರು ಕಾಗದದ ಮ್ಯಾಲ ಬರೆದು ಟೇಬಲ್ ಗ್ಲಾಸಿನ ಕೆಳಗ ಇಟ್ಕೊಂಡಾರ. ಆಕ್ಟೊರ್ ಯಾಕ ಅನ್ನೋದಕ್ಕೂ ಅವತ್ತೇ ಉತ್ತರ ಕೊಟ್ಟೆ.

ಈಗ ಕೊರತಿ. ಅಕ್ಷರ ಭಾಳ ಸಣ್ಣ, ಒಂದು ಪುಟಕ್ಕ ಮೂರು ಕಾಲಂ, ಉಸಿರಾಡ್ಲಿಕ್ಕೆ ಜಾಗ ಇಲ್ಲ. ಎಲ್ಲಾ ಸಂಕ್ಷೇಪ, ಕವಿ ಹೆಸರು ಎರಡು ಮೂರು ಅಕ್ಷರದಾಗ ಮುಗಿಸ್ತಾರ, ಪುಸ್ತಕದ ಶುರುವಿನಾಗಿರೋ ಸಂಕ್ಷೇಪದ ಪಟ್ಟಿ ಪ್ರಿಂಟ್ ಹಾಕಿಸ್ಕೊಳ್ಳದಿದ್ರ ಕುರುಡಾಗ್ತೀರಿ. ಉದಾಹರಣೆಗೆ ಅನುವಾದ ಬಹಳ ಕಡೆ ಇಲ್ಲ, ಕೊಟ್ಟಲ್ಲೂ 1879ರ ಇಂಗ್ಲಿಷ್. ಒಂದು ಖರೇ ತಪ್ಪು ಹೇಳ್ತೀನಿ, ಒತ್ತಕ್ಷರದ ಹಿಂದಿನ ಸ್ವರದ ದೀರ್ಘ ಇವರು ತೋರಿಸಲ್ಲ, ಆಕ್ಟುಮ್ ಅಂತ ನಾ ದೀರ್ಘ ಬರೆದೀನಿ, ಇಲ್ಲಿ ಗುರುತು ಸಿಗಲ್ಲ, ಬ್ಯಾರೆ ಕಡೆ ನೋಡಿ ತಿಳ್ಕೊಂಡಿದ್ದು. ಹ್ರಸ್ವ ದೀರ್ಘದ ಮಾತಿನಾಗ 1968ರಿಂದ 1982ರ ತನಕ ಭಾಗ ಭಾಗವಾಗಿ ಬಂದ ಆಕ್ಸ್‌ಫರ್ಡ್ ಲ್ಯಾಟಿನ್ ಡಿಕ್ಷನರಿ ಜಾಸ್ತಿ ನಂಬಬಹುದು, ಆದ್ರ ಅದರ ಬೆಲಿ ನಮ್ಮಂಥ ಜೂನಿಯರ್‌ಗೆ ಎಟುಕಲ್ಲ, ಮ್ಯಾಲ ಅದು ಸುಮಾರು ಕ್ರಿ.ಶ. 200ಕ್ಕ ನಿಲ್ತದ, ಇದು ಅದಕ್ಕಿಂತ ಮುಂದಿನ ಚರ್ಚಿನ ಲ್ಯಾಟಿನ್ ಸುದ್ದಾ ಹಿಡೀತದ. ಅಫಿಡವಿಟ್‌ನಂಥ ಮಧ್ಯಯುಗದ ಕೋರ್ಟ್ ಪದಕ್ಕ ಎರಡೂ ಅಲ್ಲ, ಅದಕ್ಕ ಕಾನೂನು ಡಿಕ್ಷನರಿನೇ ತೆಗೀರಿ.

ಮತ್ತ ಉಪಸರ್ಗ ಹಚ್ಚಿದ ಪದ ಎಲ್ಲಾ ಬ್ಯಾರೆ ಬ್ಯಾರೆ ಕಡೆ ಅದಾವ. ಅಗೆರೆಗೆ 'ಜೊತಿಗೆ' ಅನ್ನೋ ಕೊ ಹಚ್ಚಿದ್ರ ಕೋಗೆರೆ, ದನ ಒಂದೇ ಕಡೆ ಕೂಡಿಸೋದು, ಅದರಿಂದ ಒತ್ತಾಯ ಮಾಡೋದು, ಅದರಿಂದ ಕೊಆಗುಲುಮ್, ಅಂದ್ರ ಹಾಲು ಕೂಡಿಸೋ ಹೆಪ್ಪು. 'ಕೋಗಿತೋ', ವಿಚಾರ ಮಾಡ್ತೀನಿ ಅನ್ನೋದೂ ಇದೇ ಬಳ್ಳಿದು, ವಿಚಾರಗಳನ್ನ ಅತ್ತ ಇತ್ತ ಹೊಡಕೋತ ಒಂದು ಕಡೆ ತರೋದು. ದೊಡ್ಡಿಗೆ ದನ ಕೂಡಿಸೋದು, ಹಾಲು ಹೆಪ್ಪಾಗೋದು, ತಲ್ಯಾಗ ವಿಚಾರ ಕೂಡೋದು, ಮೂರೂ ಒಂದೇ ಗೂಟಕ್ಕ ಕಟ್ಯಾರ. ಆದ್ರ ಇದು ತಿಳೀಬೇಕಂದ್ರ ನೀವೇ 'ಸಿ' ಅಕ್ಷರಕ್ಕ ಹೋಗಿ ಹುಡುಕಬೇಕು, ಅಗೋ ಎಂಟ್ರಿಯಿಂದ ದಾರಿ ಸಿಗಲ್ಲ. ಆ ಒಂದು ಸ್ಟಾರ್ ಕಟ್ ಆಗಿದ್ದು ಇದಕ್ಕ.

ಪಾಠದಾಗ 'ಏಗಿತ್' ಅಂತ ಬಂದ್ರ ಪ್ರಿಂಟಿನಾಗ ಹುಡುಕ್ಕೋತ ಕೂಡಬ್ಯಾಡ್ರಿ, ಅಲ್ಲಿ ಪರ್ಸಿಯಸ್‌ಗೆ ಹೋಗ್ರಿ, ಅದು ರೂಪ ನೋಡಿ ಅಗೋಕ್ಕ ಒಯ್ತದ. ಓದ್ಲಿಕ್ಕೆ ಮಾತ್ರ ಪ್ರಿಂಟೇ ತಗೋರಿ, ಒಂದೊಂದು ಅಕ್ಷರ ಅಂತ, ಮತ್ತ ಅಂಗಡಿಯವರಿಗೆ ಮೊದಲು ಒಂದು ಪುಟ ಹೊಡೆದು ತೋರಿಸ್ರಿ ಅನ್ರಿ, ಅಕ್ಷರದ ಮ್ಯಾಲಿನ ಗೆರಿ ಬಟ್ಟಲ ಎರಡೂ ಕಂಡ್ರ ಮಾತ್ರ ಉಳಿದಿದ್ದು ಹಾಕಿಸ್ರಿ. ನಾ ಈ ಶನಿವಾರ 'ಡಿ' ಹಾಕಿಸ್ಲಿಕ್ಕೆ ಹೊಂಟೀನಿ, ಡೂಕೋ ಪೂರ್ತಿ ಓದಬೇಕು, ಆ ಆಡಿಂದು.